ಕ್ಯಾನ್ಸರ್ ಎಂದ ಮೇಲಿನ ಮಾತು

ತುಂಗಭದ್ರೆಯ ದಂಡೆಯ ಮೇಲೆ ಒಂದು ಚಿಕ್ಕ ಆಶ್ರಮವಿತ್ತು. ಅಲ್ಲಿನ ಗುರುವನ್ನು ಎಲ್ಲರೂ ಅಜ್ಜಯ್ಯ ಎಂದೇ ಕರೆಯುತ್ತಿದ್ದರು.

ಅವರ ಹಿರಿಯ ಶಿಷ್ಯ ಮರುಳಸಿದ್ಧ. ವಯಸ್ಸು ನಲವತ್ತು ದಾಟಿತ್ತು. ಕಷ್ಟ ಹೇಳಿಕೊಂಡು ಬಂದವರನ್ನು ಅಜ್ಜಯ್ಯ ಅವನ ಹತ್ತಿರವೇ ಕಳಿಸುತ್ತಿದ್ದರು. ದೇಹ ಹೋಗುವಂಥದ್ದೇ, ಹೆದರಬೇಡಿ ಎಂದು ಅವನು ಮೆಲ್ಲಗೆ ಹೇಳಿದರೆ ಜನ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು.

ಕೆಲವು ತಿಂಗಳಿಂದ ಅವನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನಕ್ಕೆಂದು ಹೊಳೆಗೆ ಇಳಿಯುವಾಗ ತಲೆ ಸುತ್ತಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. ಅಜ್ಜಯ್ಯ ಅವನನ್ನು ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಪರೀಕ್ಷೆಗಳಾದವು. ಮತ್ತೆ ಬರಹೇಳಿದರು. ಮತ್ತೆ ಹೋದ.

ಆ ದಿನ ಹಿಂದಿರುಗಿದವನು ನೇರವಾಗಿ ಅಜ್ಜಯ್ಯನ ಮುಂದೆ ಬಂದು ಕುಳಿತ. ಮುಖ ಶಾಂತವಾಗಿತ್ತು.

“ಕ್ಯಾನ್ಸರ್ ಅಂತೆ, ಅಜ್ಜಯ್ಯ. ದೇಹಕ್ಕೆ ಬಂದದ್ದು ದೇಹಕ್ಕೆ. ಚಿಕಿತ್ಸೆ ಬೇಡ ಅಂತ ತೀರ್ಮಾನ ಮಾಡಿದ್ದೇನೆ.”

“ಡಾಕ್ಟರು ಏನು ಹೇಳಿದರು?”

“ಕ್ಯಾನ್ಸರ್ ಅಂದರು.”

“ಆಮೇಲೆ?”

ಮರುಳಸಿದ್ಧ ಆಸ್ಪತ್ರೆಯ ಕಾಗದಗಳನ್ನು ನೆಲದ ಮೇಲಿಟ್ಟ.

“ಆಮೇಲಿನದು ಕೇಳಿಸಲಿಲ್ಲ.”

“ಹಾಗಾದರೆ ನೀನು ಬೇಡ ಅಂದದ್ದು ಏನನ್ನು?”



ಮಾರನೆಯ ದಿನ ಅಜ್ಜಯ್ಯನೂ ಅವನ ಜೊತೆ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಗುರುತು ಹಿಡಿದ ಜನ ಎದ್ದು ಕೈಮುಗಿದು, ಮೊದಲು ನೀವು ಹೋಗಿ ಎಂದರು. ಅವರು ಒಪ್ಪಲಿಲ್ಲ. ಸರದಿ ಬರುವ ತನಕ ಬೆಂಚಿನ ಮೇಲೆ ಕುಳಿತರು.

ಡಾಕ್ಟರ್ ಶಾಹಿದಾ ಎಲ್ಲವನ್ನೂ ಮತ್ತೊಮ್ಮೆ ವಿವರಿಸಿದರು. ಮರುಳಸಿದ್ಧ ಪ್ರತಿ ಮಾತಿಗೂ ತಲೆಯಾಡಿಸಿದ. ಅಜ್ಜಯ್ಯ ಮಾತ್ರ, ತಮಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಡಾಕ್ಟರು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಅಜ್ಜಯ್ಯನಿಗೆ ಆಗಲೂ ತಿಳಿಯಲಿಲ್ಲ. ಗಡ್ಡೆ ಎಲ್ಲಿದೆ, ಕೊಯ್ದು ತೆಗೆದರೆ ಏನಾಗುತ್ತದೆ, ಹಾಗೇ ಬಿಟ್ಟರೆ ಏನಾಗುತ್ತದೆ, ಇವನು ಏನು ತಿನ್ನಬಹುದು ಎಂದು ಒಂದೊಂದಾಗಿ ಕೇಳುತ್ತಲೇ ಹೋದರು.

ಮರುಳಸಿದ್ಧನಿಗೆ ನಾಚಿಕೆಯಾಯಿತು. ಇಷ್ಟು ಜನ ಕಾಲಿಗೆ ಬೀಳುವ ತನ್ನ ಗುರು ಇಲ್ಲಿ ಏನೂ ತಿಳಿಯದವರ ಹಾಗೆ ಕುಳಿತಿದ್ದಾರೆ. ಈ ಪ್ರಶ್ನೆಗಳು ಬೇಗ ಮುಗಿಯಲಿ ಎಂದು ಕಾಯುತ್ತಿದ್ದವನು ತನಗೇ ಗೊತ್ತಿಲ್ಲದ ಹಾಗೆ ಬಾಯಿ ತೆರೆದ.

“ನಾನು ಬದುಕುತ್ತೀನಾ, ಡಾಕ್ಟ್ರೇ?”

ಡಾಕ್ಟರು ಅವನ ಕಡೆ ತಿರುಗಿದರು. ಮಾತು ಕೊಡಲಾರೆ ಎಂದರು. ಆದರೆ ಗಡ್ಡೆ ಬೇರೆಲ್ಲೂ ಹರಡಿದಂತೆ ಕಾಣುತ್ತಿಲ್ಲ, ತಡಮಾಡದಿದ್ದರೆ ಒಳ್ಳೆಯ ಅವಕಾಶವಿದೆ ಎಂದರು. ಆಪರೇಷನ್ ಆದ ಮೇಲೆ ಕೆಲವು ತಿಂಗಳು ಮಲ ಹೊಟ್ಟೆಯ ಪಕ್ಕದಿಂದ ಒಂದು ಚೀಲಕ್ಕೆ ಬರುತ್ತದೆ ಎನ್ನುವುದನ್ನೂ ಮುಚ್ಚಿಡಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಶಿಷ್ಯ ಕೇಳಿದ.

“ನಿಮಗೆ ನಿಜವಾಗಿಯೂ ತಿಳಿಯಲಿಲ್ಲವಾ?”

“ಅರ್ಧ ತಿಳಿಯಿತು. ಉಳಿದರ್ಧ ನೀನು ಕೇಳಿದೆಯಲ್ಲ.”

ಆಪರೇಷನ್ ಆಯಿತು. ಮರುಳಸಿದ್ಧ ಬಡಕಲಾಗಿ ಆಶ್ರಮಕ್ಕೆ ಮರಳಿದ. ಕೀಮೋ ಔಷಧಿಯ ಸುತ್ತುಗಳು ಶುರುವಾದವು. ಭಕ್ತರು ಸೊಪ್ಪಿನ ರಸ, ಬೇರಿನ ಪುಡಿ, ಭಸ್ಮ ತಂದು ಕೊಟ್ಟರು. ಅಜ್ಜಯ್ಯ ಎಲ್ಲವನ್ನೂ ಪ್ರೀತಿಯಿಂದ ಇಸಿದುಕೊಂಡು, ಡಾಕ್ಟರಿಗೆ ತೋರಿಸದೆ ಒಂದು ಎಲೆಯನ್ನೂ ಕೊಡಬಾರದೆಂದು ಅಡುಗೆಮನೆಯವರಿಗೆ ಹೇಳಿದರು.

ಆದರೆ ಮರುಳಸಿದ್ಧ ಹೊರಗೆ ಬರುವುದನ್ನೇ ಬಿಟ್ಟ. ಪ್ರಾರ್ಥನೆಗೆ ಬರಲಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಕೇಳಿದವರಿಗೆ, ಮೌನವ್ರತ ಹಿಡಿದಿದ್ದೇನೆ ಎಂದು ಚೀಟಿ ಬರೆದು ತೋರಿಸಿದ. ಕಾಯಿಲೆ ಅವನನ್ನು ಇನ್ನೂ ಪಕ್ವಗೊಳಿಸಿದೆ ಎಂದು ಜನ ಮಾತಾಡಿಕೊಂಡರು.

ಅಜ್ಜಯ್ಯ ಅವನ ಕೋಣೆಗೆ ಹೋದರು.

“ಇದು ಮೌನವೋ, ಬಾಗಿಲು ಹಾಕಿಕೊಂಡದ್ದೋ?”

ಅವನು ತಲೆ ತಗ್ಗಿಸಿದ. ಕೊನೆಗೆ, ನಾಲ್ಕು ಜನರ ನಡುವೆ ಕುಳಿತಾಗ ಚೀಲದ ವಾಸನೆ ಬಂದರೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಗುರುವಾರ ಗುರುವಾರ ರೋಗಿಗಳೆಲ್ಲ ಸೇರಿ ಕೂರುತ್ತಾರೆಂದು ಡಾಕ್ಟರು ಹೇಳಿದ್ದರು. ಅಲ್ಲಿಗೆ ಹೋಗು ಎಂದರು ಅಜ್ಜಯ್ಯ.

“ಅವರಿಗೆ ನಾನು ಏನು ಹೇಳಲಿ?”

“ಹೇಳುವುದಕ್ಕೆ ನಿನ್ನನ್ನು ಕಳಿಸುತ್ತಿಲ್ಲ.”

ಹೋದ. ಗೋಡೆಗೆ ಒರಗಿ ಕುಳಿತ. ಅಲ್ಲಿ ಮದುವೆಗಳಲ್ಲಿ ಕ್ಲಾರಿನೆಟ್ ಊದುವ ತಿಪ್ಪೇಶ ಎಂಬುವನಿದ್ದ. ಕಾವಿ ಬಟ್ಟೆಯ ಈ ಹೊಸಬ ಮತ್ತೆ ಮತ್ತೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುವುದನ್ನು ನೋಡಿ ಪಕ್ಕಕ್ಕೆ ಬಂದು ತನ್ನ ಅಂಗಿ ಎತ್ತಿ ತೋರಿಸಿದ. ಅವನಿಗೂ ಅದೇ ಚೀಲ. ತುಂಬುವ ಮುಂಚೆಯೇ ಖಾಲಿ ಮಾಡಬೇಕು, ಚರ್ಮ ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು, ಕೋಸು ತಿಂದರೆ ಗಾಳಿ ಜಾಸ್ತಿ ಎಂದು ನಿಧಾನವಾಗಿ ಹೇಳಿಕೊಟ್ಟ. ಮೊದಮೊದಲು ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೇ ಅದು ಸಡಿಲವಾಗಿ, ಊದುತ್ತಲೇ ಚಪ್ಪರದಿಂದ ಆಚೆ ನಡೆದುಹೋದದ್ದನ್ನೂ ಹೇಳಿದ.

ಮರುಳಸಿದ್ಧ ನಕ್ಕ. ನಕ್ಕು ಎಷ್ಟೋ ಕಾಲವಾಗಿತ್ತು.

ಮರುದಿನ ಅವನು ಪ್ರಾರ್ಥನೆಗೆ ಬಂದು ಕುಳಿತ. ಗುರುವಾರಗಳನ್ನೂ ತಪ್ಪಿಸಲಿಲ್ಲ.

ಔಷಧಿಯ ಕೊನೆಯ ಸುತ್ತೂ ಮುಗಿಯಿತು. ಸ್ಕ್ಯಾನ್ ನೋಡಿದ ಡಾಕ್ಟರು, ಸದ್ಯಕ್ಕೆ ಕಾಯಿಲೆಯ ಗುರುತು ಕಾಣುತ್ತಿಲ್ಲ, ಚೀಲವನ್ನು ಇನ್ನು ತೆಗೆಯಬಹುದು, ಆದರೆ ತಪಾಸಣೆಗೆ ಬರುತ್ತಲೇ ಇರಬೇಕು ಎಂದರು. ಅಂದು ಗುರುವಾರ. ಕೋಣೆಯಲ್ಲಿದ್ದವರೆಲ್ಲ ಸಂತೋಷಪಟ್ಟರು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಸರ್ವಮಂಗಳಮ್ಮ, ಈಗ ಹೇಗನಿಸುತ್ತದೆ ಎಂದು ಅವನನ್ನು ಕೇಳಿದರು.

ಚೆನ್ನಾಗಿದೆ ಎನ್ನಲು ಹೊರಟವನ ಬಾಯಿಂದ ಬೇರೆಯೇ ಮಾತು ಬಂತು.

“ಸಾಯುವುದಕ್ಕೆ ಹೆದರಿಕೆಯಾಗುತ್ತದೆ, ಅಮ್ಮಾ.”

ಯಾರೂ ಏನೂ ಅನ್ನಲಿಲ್ಲ. ಸರ್ವಮಂಗಳಮ್ಮ ತಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕುಳಿತರು. ತಿಪ್ಪೇಶ ಅವನ ಬೆನ್ನ ಮೇಲೆ ಕೈ ಇಟ್ಟ. ಮರುಳಸಿದ್ಧ ಅಲ್ಲೇ, ಎಲ್ಲರ ಎದುರಿಗೆ, ಮನಸಾರೆ ಅತ್ತ. ಆಮೇಲೆ ಚಹಾ ಬಂತು. ಎಲ್ಲರೂ ಕುಡಿದರು.

ಸಂಜೆ ಅವನು ಹೊಳೆಯ ದಂಡೆಗೆ ಬಂದಾಗ ಅಜ್ಜಯ್ಯ ಒಬ್ಬರೇ ಕುಳಿತಿದ್ದರು. ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ತಾನು ಅತ್ತದ್ದನ್ನೂ ಹೇಳಿದ. ಇನ್ನು ಮುಂದೆ ಕಷ್ಟ ಹೇಳಿಕೊಂಡು ಬರುವವರಿಗೆ ಹೆದರಬೇಡಿ ಎನ್ನಲು ತನ್ನಿಂದ ಆಗಲಾರದು ಎಂದ.

ಅಜ್ಜಯ್ಯ ಹೂಂಗುಟ್ಟಿದರು.

“ಇಷ್ಟು ವರ್ಷ ನಿಮ್ಮ ಪಾದದ ಹತ್ತಿರ ಕೂತಿದ್ದೇನೆ, ಅಜ್ಜಯ್ಯ. ಈ ಒಂದು ಮಾತನ್ನು ನಿಮ್ಮ ಹತ್ತಿರ ಹೇಳಿಕೊಳ್ಳಲು ಆಗಲಿಲ್ಲ. ಅಲ್ಲಿ ಹೇಳಿಬಿಟ್ಟೆ. ಯಾಕೆ ಹೀಗಾಯಿತು?”

ಅಜ್ಜಯ್ಯ ಅವನ ಕಡೆ ತಿರುಗಿದರು.

“ನನಗೆ ಹೇಳಿದ್ದರೆ, ನಾನು ಉತ್ತರ ಕೊಟ್ಟುಬಿಡುತ್ತಿದ್ದೆ.”