ಗೊರವಂಕ ಕಲಿತ ಇಂಗ್ಲಿಷ್

ಇಂಗ್ಲಿಷ್ ಮಾತಾಡುವ ಹಕ್ಕಿಗೆ ಮೇಷ್ಟರು ಸೀಬೆಹಣ್ಣು ಕೊಡುತ್ತಾರೆಂದು ತಿಳಿದು, ಗೊರವಂಕವೊಂದು ಅವರ ಜಗಲಿಯ ಪಂಜರದ ಗಿಳಿಯ ಬಳಿ ಪಾಠಕ್ಕೆ ಬಂತು. ತಾಯಿಯಿಲ್ಲದ ಇಬ್ಬರು ತಮ್ಮಂದಿರನ್ನು ಸಾಕುವ ಹೊಣೆ ಅದರದ್ದು.

"ಷರತ್ತು ಒಂದೇ," ಎಂದಿತು ಗಿಳಿ. "ಇನ್ನು ಮನೆಮಾತು ನಿನ್ನ ಕೊಕ್ಕಿನಿಂದ ಹೊರಬೀಳಕೂಡದು. ಒಮ್ಮೆ ಬಿದ್ದರೂ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ."

ಅಂದಿನಿಂದ ಗೊರವಂಕಕ್ಕೆ ಕಾಳು ಹೆಕ್ಕುವಾಗಲೂ ಇಂಗ್ಲಿಷ್, ರೆಕ್ಕೆ ತೊಳೆಯುವಾಗಲೂ ಇಂಗ್ಲಿಷ್. ಹಂಚಿನ ಸಂದಿನ ಗೂಡಿನಲ್ಲಿದ್ದ ತಮ್ಮಂದಿರಿಗೆ ಅಕ್ಕನ ಮಾತು ಒಂದಕ್ಷರವೂ ತಿಳಿಯದು. ಆದರೂ ಹೆಮ್ಮೆಯೋ ಹೆಮ್ಮೆ. ಪಂಜರದ ಕೆಳಗೆ ಮೇಷ್ಟರ ಬೆಕ್ಕು ಕಣ್ಣು ಮುಚ್ಚಿ ಮಲಗಿರುತ್ತಿತ್ತು. ಅದು ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ.

ಒಂದು ಬೆಳಿಗ್ಗೆ ಆ ಬೆಕ್ಕು ಹಂಚು ಹತ್ತಿ ಗೂಡಿನತ್ತ ಬಂತು. ಎದುರಿನ ತಂತಿಯ ಮೇಲಿದ್ದ ಗೊರವಂಕ ಅದನ್ನು ಕಂಡಿತು. ಬೆಕ್ಕು ಕಂಡಾಗ ಗೊರವಂಕದ ಕುಲವೆಲ್ಲ ಹಾಕುವ ಕರ್ಕಶ ಕೂಗು ಗಂಟಲಿನವರೆಗೆ ಬಂತು. ಮೂರು ವಾರದ ಶ್ರಮ ನೆನಪಾಯಿತು. ಕೂಗನ್ನು ನುಂಗಿಕೊಂಡು, ಬೆಕ್ಕು ಬರುತ್ತಿದೆ, ಒಳಗೇ ಅಡಗಿಕೊಳ್ಳಿ ಎಂದು ಅದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿತು.

"ಅಕ್ಕ ಎಷ್ಟು ಚೆಂದ ಮಾತಾಡ್ತಾಳೆ, ಬಾರೋ ಕೇಳೋಣ!" ಎಂದು ತಮ್ಮಂದಿರಿಬ್ಬರೂ ಗೂಡಿನಿಂದ ಕತ್ತು ಹೊರಚಾಚಿದರು.

ಬೆಕ್ಕಿಗೆ ಅಷ್ಟು ಸಾಕಾಯಿತು.

ಬಾಯಿ ಒರೆಸಿಕೊಳ್ಳುತ್ತ ಅದು ತಂತಿಯ ಕಡೆ ನೋಡಿ ಹೇಳಿತು: "ಒಂದು ತಪ್ಪೂ ಇರಲಿಲ್ಲ ಕಣಮ್ಮ. ನನಗೆ ಪೂರ್ತಿ ಅರ್ಥವಾಯಿತು."