ಹೊಸ್ತಿಲಲ್ಲಿ ನಿಂತವರು

"ಗುರುಗಳೇ, ನನ್ನ ಪ್ರೋಗ್ರಾಂ ಮೂರು ಮರಿ ಪ್ರೋಗ್ರಾಂಗಳನ್ನು ಕೆಲಸಕ್ಕೆ ಕಳಿಸುತ್ತದೆ. ನಿನ್ನೆ ಅದರಲ್ಲೊಂದು ಅರ್ಧದಲ್ಲೇ ಸತ್ತಿತ್ತು. ಆದರೂ ನನ್ನದು ‘ಎಲ್ಲ ಸರಿಯಾಗಿದೆ’ ಎಂದು ಬರೆದು ಮುಗಿಸಿತು. ಹೀಗೆ ಮೋಸ ಮಾಡಿದ ಮರಿಯನ್ನು ಏನು ಮಾಡಲಿ?" ಎಂದು ಶಿಷ್ಯೆ ವಾರಿಜಾ ಕೇಳಿದಳು.

ಗುರುಗಳು ನಕ್ಕರು. "ಮರಿಯ ಮೇಲೆ ಸಿಟ್ಟೋ? ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ಪಂಡಿತನಿದ್ದ. ಅವನ ಹೆಂಡತಿಗೆ ಜ್ವರ ಬಂದು ಮೂರು ದಿನದಿಂದ ಕಣ್ಣು ತೆರೆದಿರಲಿಲ್ಲ. ಅವಳೆಂದರೆ ಅವನಿಗೆ ಪ್ರಾಣ. ಕಷಾಯಕ್ಕೆಂದು ಅವನು ಒಬ್ಬನನ್ನು ಜೇನಿಗೆ, ಒಬ್ಬನನ್ನು ಝರಿಯ ನೀರಿಗೆ, ಒಬ್ಬಳನ್ನು ಬೆಟ್ಟದ ಬೇರಿಗೆ ಕಳಿಸಿದ. "ತಂದದ್ದನ್ನು ನೇರವಾಗಿ ಪಾತ್ರೆಗೆ ಹಾಕಿ. ನಾನಾಗಿ ಕೇಳುವ ತನಕ ಯಾರೂ ಬಾಯಿ ಬಿಡಬೇಡಿ. ಕೇಳಿದ ಮೇಲೆಯೇ ಮನೆಗೆ ಹೋಗಿ" ಎಂದ. ಮದ್ದು ಕುದಿಯುವಾಗ ಮಾತಾಡಿದರೆ ಅದರ ಗುಣ ಹೋಗುತ್ತದೆಂದು ಆ ಮನೆಯ ನಂಬಿಕೆ.

ಪಂಡಿತ ಒಳಗೆ ಹೆಂಡತಿಯ ಪಕ್ಕ ಕುಳಿತ. ಹೊತ್ತು ಹೋದದ್ದು ತಿಳಿಯಲಿಲ್ಲ. ಪಾತ್ರೆ ಕುದಿಯಿತು, ಹಬೆ ಮನೆಯೆಲ್ಲ ತುಂಬಿತು. ಯಾರೂ ಏನೂ ಹೇಳಲಿಲ್ಲ. ಎಲ್ಲ ಬಂದಿರಬೇಕೆಂದುಕೊಂಡು ಅವನು ಕಷಾಯ ಕುಡಿಸಿದ. ಜ್ವರ ಇಳಿಯಲಿಲ್ಲ.

ಸೋತು ಕುಳಿತಲ್ಲೇ ಅವನಿಗೆ ಮಂಪರು ಹತ್ತಿತು. ಕನಸಿನಲ್ಲಿ ಹೊಸ್ತಿಲಾಚೆ ಜನ ನಿಂತಿದ್ದರು. ಇಷ್ಟು ವರ್ಷ ಅವನು ಕೆಲಸಕ್ಕೆ ಕಳಿಸಿದವರೆಲ್ಲ ಅಲ್ಲಿದ್ದರು. ಅಂಗಳ ದಾಟಿ, ಬಯಲು ದಾಟಿ, ಸಾಲು ಮೋಡದ ತನಕ ಹೋಗಿತ್ತು. ಯಾರ ಕಾಲೂ ನೆಲ ಮುಟ್ಟಿರಲಿಲ್ಲ.

"ಯಾಕೆ ನಿಂತಿದ್ದೀರಿ? ಮನೆಗೆ ಹೋಗಿ" ಎಂದ.

"ಏನಾಯಿತೆಂದು ನೀವಿನ್ನೂ ಕೇಳಿಲ್ಲ" ಎಂದರು ಅವರೆಲ್ಲ, ಮೆಲ್ಲಗೆ.

ಪಂಡಿತ ಬೆಚ್ಚಿ ಎದ್ದು ಬಾಗಿಲಿಗೆ ಓಡಿದ. ಬೆಳಿಗ್ಗೆ ಕಳಿಸಿದ ಮೂವರೂ ನಿಜವಾಗಿಯೂ ಅಲ್ಲೇ ನಿಂತಿದ್ದರು. ಬೇರಿಗೆ ಹೋದವಳ ಕೈ ಬರಿದಾಗಿತ್ತು.

"ಏನಾಯಿತವ್ವಾ?"

"ಬೇರು ಸಿಗ್ನಿಲ್ಲ ಸ್ವಾಮಿ. ಬೆಟ್ಟಕ್ಕೆ ಬೆಂಕಿ ಬಿದ್ದೈತೆ. ನೀರು ಕಾಯೋಕೆ ಮುಂಚೇನೇ ಬಂದು ನಿಂತಿವ್ನಿ."

ಪಂಡಿತ ತಲೆ ಚಚ್ಚಿಕೊಂಡ. ಆ ಬೇರು ಸಿಗದಿದ್ದರೆ ಬದಲಿಗೆ ಹಾಕುವ ಬಳ್ಳಿ ಅವನ ಹಿತ್ತಿಲಲ್ಲೇ ಹಬ್ಬಿತ್ತು. ಅದನ್ನು ಕಿತ್ತು ತಂದು ಮತ್ತೆ ಒಲೆ ಹಚ್ಚಿದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ವಾರಿಜಾಳಿಗೆ ತಡೆಯಲಾಗಲಿಲ್ಲ. "ಹೆಂಡತಿ ಬದುಕಿದಳೇ, ಗುರುಗಳೇ?"

"ನಾನು ಕಟ್ಟಿದ ಕತೆಯ ಹೆಂಗಸು ಏನಾದಳೆಂದು ಕೇಳಿದೆಯಲ್ಲ, ನೀನೇ ಕಳಿಸಿದ ಮರಿ ಏನಾಯಿತೆಂದು ಯಾವಾಗ ಕೇಳಿದ್ದೆ?"