ಅಳಬೇಡಿ ಎಂದ ನರಿ

ಬೇಸಿಗೆಯಲ್ಲಿ ಒಂದೇ ಹೊಂಡದಲ್ಲಿ ನೀರುಳಿಯುವ ಒಂದು ಕಾಡಿನಲ್ಲಿ ಪ್ರಾಣಿಗಳಿಗೆ ಅಳಲೂ ಪುರುಸೊತ್ತಿರಲಿಲ್ಲ. ಹೊಂಡಕ್ಕೆ ಓಡಬೇಕು, ಎರಡು ಗುಟುಕು ಕುಡಿಯಬೇಕು, ಚಿರತೆ ಬರುವ ಮೊದಲು ಹಿಂದಕ್ಕೆ ಓಡಬೇಕು. ಮರಿ ಸತ್ತರೂ ತಾಯಿ ನಿಲ್ಲುವಂತಿರಲಿಲ್ಲ. ನಿಂತರೆ ತಾನೂ ಸಾಯಬೇಕು.

ಅದಕ್ಕೇ ಅಲ್ಲಿನ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಮಳೆ ಹಿಡಿದು ಎಲ್ಲ ಕಡೆ ನೀರು, ಹುಲ್ಲು ಆದ ಮೇಲೆ ಓಡಾಟ ಕಡಿಮೆಯಾಗುತ್ತಿತ್ತು. ಆಗ ಎಲ್ಲರೂ ದೊಡ್ಡ ಮತ್ತಿಮರದ ಕೆಳಗೆ ಸೇರುತ್ತಿದ್ದರು. ಬೇಸಿಗೆಯಲ್ಲಿ ನುಂಗಿಕೊಂಡ ದುಃಖವನ್ನು ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಿದ್ದರು. ಕೇಳುವವರು ಬುದ್ಧಿ ಹೇಳುವಂತಿಲ್ಲ. 'ಹೂಂ' ಅನ್ನಬೇಕು, ಅಷ್ಟೇ. ಅದರಿಂದ ಸತ್ತವರು ಎದ್ದು ಬರುತ್ತಿರಲಿಲ್ಲ. ಆದರೆ ಬದುಕಿದವರು ಮತ್ತೆ ಬಾಯಿಗೆ ಹುಲ್ಲು ಇಡುತ್ತಿದ್ದರು.

ಆ ವರ್ಷ ನರಿ ಈ ಪದ್ಧತಿಯನ್ನು ನಿಲ್ಲಿಸಿತು.

ಮೊದಲ ಮಳೆಯ ದಿನವೇ ಅದು ಮತ್ತಿಮರದ ಬೇರಿನ ಮೇಲೆ ಕುಳಿತು ಉಪದೇಶ ಶುರು ಮಾಡಿತು. ಗುಂಪಿನಲ್ಲಿ ಅಳುವುದು ರೋಗ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂದಿತು. ಮಳೆಗಾಲ ಮನಸ್ಸಿನ ಆರೋಗ್ಯ ನೋಡಿಕೊಳ್ಳುವ ಕಾಲ, ಆದ್ದರಿಂದ ಎಲ್ಲರೂ ಅವರವರ ಪೊದೆಯಲ್ಲಿ ಬಾಯಿ ಮುಚ್ಚಿ ಕೂರಬೇಕು, ಒಳ್ಳೆಯದನ್ನೇ ನೆನೆಯಬೇಕು ಎಂದಿತು. ತೀರಾ ತಡೆಯಲಾಗದವರು ಒಬ್ಬೊಬ್ಬರೇ ತನ್ನ ಗುಹೆಗೆ ಬಂದು ತನ್ನೊಬ್ಬನ ಬಳಿ ಹೇಳಿಕೊಳ್ಳಬಹುದು. ಅಲ್ಲಿ ಆಡಿದ ಮಾತನ್ನು ಹೊರಗೆ ಆಡಿದರೆ ಸಿಕ್ಕ ನೆಮ್ಮದಿ ಕೆಡುತ್ತದೆ ಎಂದಿತು.

ಪ್ರಾಣಿಗಳು ದಣಿದಿದ್ದವು. ದಣಿದವರಿಗೆ ಮೆತ್ತಗೆ ಮಾತಾಡಿದವನೇ ದೇವರು. ಎಲ್ಲರೂ ತಲೆಯಾಡಿಸಿ ಚದುರಿಹೋದರು.

ಅವರಲ್ಲಿ ಒಂದು ಜಿಂಕೆ ಇತ್ತು. ಬೇಸಿಗೆಯಲ್ಲಿ ಅದರ ಮರಿಯನ್ನು ಚಿರತೆ ಹೊತ್ತೊಯ್ದಿತ್ತು. ಈಗ ಅದು ಮತ್ತೆ ತುಂಬಿದ ಬಸುರಿ. ಆದರೆ ಮೊಣಕಾಲೆತ್ತರ ಹುಲ್ಲಿದ್ದರೂ ಮೂಸಿ ಬಿಟ್ಟುಬಿಡುತ್ತಿತ್ತು. ಪೊದೆಯಲ್ಲಿ ಒಂಟಿಯಾಗಿ ಕುಳಿತು ಒಳ್ಳೆಯದನ್ನು ನೆನೆಯಲು ನೋಡಿತು. ಸತ್ತ ಮರಿಯೇ ಕಣ್ಣ ಮುಂದೆ ಬಂತು. ಪಕ್ಕೆಲುಬು ಎಣಿಸುವಷ್ಟು ಸೊರಗಿತು. ಹೀಗೇ ಆದರೆ ಹೊಟ್ಟೆಯಲ್ಲಿರುವುದೂ ಉಳಿಯುವುದಿಲ್ಲ ಎಂದು ಹೆದರಿ ನರಿಯ ಗುಹೆಗೆ ಹೋಯಿತು.

ನರಿ ಎಲ್ಲವನ್ನೂ ಕೇಳಿತು. ಕಣ್ಣು ಕೂಡ ಒರೆಸಿಕೊಂಡಿತು. ಕೊನೆಗೆ, "ಹೆರಿಗೆಗೆ ಎಲ್ಲಿ ಹೋಗ್ತೀಯ ತಂಗಿ? ಜಾಗ ಹೇಳು. ಆ ಕಡೆ ಮುಖ ಮಾಡಿ ನಿನ್ನ ಪರವಾಗಿ ಬೇಡಿಕೊಳ್ತೀನಿ" ಎಂದಿತು.

"ಹಳ್ಳದಾಚೆಯ ಬಿದಿರು ಮೆಳೆಗೆ, ಅಣ್ಣ. ಇನ್ನು ಮೂರು ದಿನಕ್ಕೆ" ಎಂದಿತು ಜಿಂಕೆ.

ಹಿಂತಿರುಗುವ ದಾರಿಯಲ್ಲಿ ಒಂದು ಕಾಡುಹಂದಿ ಕೆಸರಿನಲ್ಲಿ ಬಿದ್ದುಕೊಂಡಿತ್ತು. ಅದರ ಮೂರು ಮರಿಗಳೂ ಬೇಸಿಗೆಯಲ್ಲಿ ಚಿರತೆಯ ಬಾಯಿಗೆ ಹೋಗಿದ್ದವು. ಹಂದಿಗೆ ನಯದ ಮಾತು ಬರುತ್ತಿರಲಿಲ್ಲ.

"ಏನಕ್ಕಾ, ನಿನ್ನ ನರಿಯಣ್ಣ ನೆಮ್ಮದಿ ಕೊಟ್ಟನಾ?" ಎಂದಿತು. "ನಂಗೂ ಕೊಟ್ಟ. ತಗೊಂಡು ಬಂದು ಇಲ್ಲಿ ಬಿದ್ದಿದೀನಿ. ಒಳ್ಳೆಯದನ್ನು ನೆನೆ ಅಂತಾನೆ. ನಂಗೆ ಒಳ್ಳೆಯದು ಅಂತ ಇದ್ದದ್ದೇ ಆ ಮೂರು."

ಜಿಂಕೆಗೆ ನರಿಯ ಕಟ್ಟಳೆ ನೆನಪಿತ್ತು. ಆದರೂ ತಡೆಯಲಾಗಲಿಲ್ಲ. ಕೆಸರಿನಲ್ಲೇ ಕಾಲು ಮಡಚಿ ಕುಳಿತು ಅತ್ತಿತು. ಹಂದಿಯೂ ಅತ್ತಿತು. ಮಳೆ ಸುರಿಯುತ್ತಿದ್ದರೂ ಇಬ್ಬರೂ ಏಳಲಿಲ್ಲ. ಯಾವ ಮರಿ ಕುಂಟುತ್ತಿತ್ತು, ಯಾವುದು ಹಾಲು ಕುಡಿಯುವಾಗ ಒದೆಯುತ್ತಿತ್ತು, ಕಡೆಯ ದಿನ ನೀರಿಗೆ ಹೋಗುವಾಗ ಅವನ್ನು ಎಲ್ಲಿ ಮಲಗಿಸಿದ್ದೆವು ಎಂದು ಹೇಳಿಕೊಂಡರು.

ಅಲ್ಲಿಗೆ ಬಂದಾಗ ಹಂದಿ ತಲೆಯೆತ್ತಿತು. "ಮಲಗಿಸಿದ ಜಾಗ ನೀನು ಯಾರಿಗಾದರೂ ಹೇಳಿದ್ದೆಯಾ?"

"ನರಿಯಣ್ಣನಿಗೆ ಮಾತ್ರ. ಆ ಕಡೆ ಒಂದು ಕಣ್ಣಿಟ್ಟಿರ್ತೀನಿ ಅಂದಿದ್ದ."

"ನಂಗೂ ಹಾಗೇ ಅಂದಿದ್ದ."

ಇಬ್ಬರೂ ಎದ್ದು ಪೊದೆಯಿಂದ ಪೊದೆಗೆ ಹೋದರು. ಮೊಲವನ್ನು ಕೇಳಿದರು. ನವಿಲನ್ನು ಕೇಳಿದರು. ಮರಿ ಕಳೆದುಕೊಂಡ ಎಲ್ಲರೂ ಅದು ಸಾಯುವ ಮುಂಚಿನ ದಿನ ನರಿಗೆ ಜಾಗ ಹೇಳಿದ್ದರು. ನರಿ ಚಿರತೆಗೆ ದಾರಿ ತೋರಿಸಿ, ಅದು ತಿಂದುಳಿದ ಎಲುಬು ಕಡಿದು ಕೊಬ್ಬಿತ್ತು. ಬಾಯಿ ಬಿಟ್ಟರೆ ನೆಮ್ಮದಿ ಕೆಡುತ್ತದೆ ಎಂದಿತ್ತಲ್ಲ, ಕೆಡುತ್ತಿದ್ದದ್ದು ಅದರ ನೆಮ್ಮದಿ.

ನರಿಯ ಬೆನ್ನಿಗೆ ಚಿರತೆ ಇತ್ತು. ಹಾಗಾಗಿ ಯಾರೂ ಅದರ ಗುಹೆಗೆ ನುಗ್ಗಲಿಲ್ಲ. ಜಿಂಕೆಯನ್ನು ಬಿದಿರು ಮೆಳೆಗೆ ಬಿಡದೆ ಮತ್ತಿಮರದ ಕೆಳಗೆ ಕರೆತಂದು ಸುತ್ತ ನಿಂತರು. ಹಂದಿಗಳು ಕೋರೆ ಹೊರಗೆ ಮಾಡಿ ನಿಂತವು.

ಮೂರನೆಯ ದಿನ ನರಿ ಚಿರತೆಯನ್ನು ಬಿದಿರು ಮೆಳೆಗೆ ಕರೆದುಕೊಂಡು ಹೋಯಿತು. ಮಳೆಯಲ್ಲಿ ಬೇಟೆ ಸಿಗದೆ ಚಿರತೆ ನಾಲ್ಕು ದಿನದಿಂದ ಉಪವಾಸವಿತ್ತು. ಮೆಳೆಯಲ್ಲಿ ಒದ್ದೆ ಎಲೆ ಬಿಟ್ಟರೆ ಏನೂ ಇರಲಿಲ್ಲ.

"ನಾಳೆ ಖಂಡಿತ ಸಿಗುತ್ತೆ, ಒಡೆಯಾ" ಎನ್ನುತ್ತ ನರಿ ಹಿಂದೆ ಸರಿಯಿತು.

"ನನಗೆ ಹಸಿವಾಗಿರೋದು ಇವತ್ತು" ಎಂದಿತು ಚಿರತೆ. ನರಿಯ ಮಾಂಸ ಅದಕ್ಕೆ ರುಚಿಸಲಿಲ್ಲ. ಆದರೂ ಪೂರ್ತಿ ತಿಂದಿತು.

ಅದೇ ದಿನ ಜಿಂಕೆ ಮರಿ ಹಾಕಿತು. ಸಂಭ್ರಮವೇನೂ ಆಗಲಿಲ್ಲ. ಹೊಸ ಮರಿ ಮೊಲೆಗೆ ಬಾಯಿ ಹಾಕಿದಾಗ ಜಿಂಕೆ ಹಳೆಯ ಮರಿಯನ್ನು ನೆನೆದು ಕಾಡಿಗೆಲ್ಲ ಕೇಳುವಂತೆ ಅತ್ತಿತು. ಸುಮ್ಮನಾಗು ಎಂದು ಯಾರೂ ಹೇಳಲಿಲ್ಲ. ಅತ್ತು ಮುಗಿಸಿ, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಮೇಯಿತು. ಚಿರತೆ ಕಾಡಿನಲ್ಲೇ ಇತ್ತು. ಮುಂದಿನ ಬೇಸಿಗೆ ಹೇಗೂ ಬರುವುದಿತ್ತು.

ನೀತಿ: ಬಿಡುವು ಸಿಕ್ಕಾಗ ದುಃಖವನ್ನು ನುಂಗಬೇಡಿ, ನಿಮ್ಮಂತೆ ನೊಂದವರ ಜೊತೆ ಕುಳಿತು ಹೇಳಿಕೊಳ್ಳಿ, ಬಾಯಿ ಮುಚ್ಚಿಕೊಂಡರೇ ನೆಮ್ಮದಿ ಎಂದು ಬೋಧಿಸುವವನಿಗೆ ನಿಮ್ಮ ಮೌನದಿಂದ ಏನು ಲಾಭ ಎಂದು ಮೊದಲು ವಿಚಾರಿಸಿ.